ಮುಂಭಾರ, ಹಿಂಭಾರ

ಎತ್ತಿನ ಬಂಡಿಗೆ ಜೋಳದ ಚೀಲ ಹೇರುವವರು ಯಂತ್ರಶಾಸ್ತ್ರದ ಒಂದು ದೊಡ್ಡ ಪಾಠವನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ಮುಂಭಾರ, ಹಿಂಭಾರ. ಚೀಲಗಳು ಅಚ್ಚಿನ ಮುಂದಕ್ಕೆ ಹೆಚ್ಚು ಬಿದ್ದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು, ಕೊರಳಿಗೆ ಕಟ್ಟಿದ ಜತ್ತಿಗೆ ಬಿಗಿಯುತ್ತದೆ. ಎರಡು ಚೀಲ ಅತ್ತಿತ್ತ ಸರಿಸಿ, ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡಿ, ಸರಿ ಅನ್ನಿಸಿದ ಮೇಲೆಯೇ ಬಂಡಿ ಹೊಡೆಯುತ್ತಾರೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯನ್ನು ಸುಧಾರಿಸಬೇಕೆಂದು ದಶಕಗಳ ಕಾಲ ವಾದಿಸಿದರು. ಎತ್ತುಗಳ ಹೆಗಲ ಮೇಲೆ ಬೀಳುವ ಈ ಭಾರವನ್ನು ತಗ್ಗಿಸುವುದು ಅವರ ಮುಖ್ಯ ಕಾಳಜಿಗಳಲ್ಲಿ ಒಂದಾಗಿತ್ತು.

ಈ ಅಧ್ಯಾಯ ಎತ್ತಿನ ಬಂಡಿಯದಲ್ಲ, ಪಿಕಪ್‌ನದು. ಹಿಂದಿನ ಬಾಡಿಯಲ್ಲಿ ಮಲಗುವ ಜಾಗ, ಒಲೆ, ನೀರಿನ ಟಾಕಿ, ಬ್ಯಾಟರಿ ಇರುವ ಒಂದು ಪುಟ್ಟ ಮನೆಯನ್ನು ಹೊತ್ತು, ಡಾಂಬರು ಮುಗಿದ ಮೇಲೂ ಮುಂದೆ ಹೋಗಬಲ್ಲ ಗಾಡಿ ಬೇಕು, ಯಾವುದನ್ನು ಕೊಳ್ಳುವುದು? ಇಂಥ ಮನೆಗೆ ಕ್ಯಾಂಪರ್ ಎನ್ನುತ್ತಾರೆ. ನಮಗೆ ಇದು ತೀರ ಹೊಸದೇನೂ ಅಲ್ಲ. ಕಮಾನು ಕಟ್ಟಿದ ಕೊಲ್ಲಾರಿ ಬಂಡಿಯಲ್ಲಿ ಬುತ್ತಿ, ಹಾಸಿಗೆ, ಮಕ್ಕಳನ್ನು ಏರಿಸಿಕೊಂಡು ಜಾತ್ರೆಗೆ ಹೊರಟು, ದಾರಿಯಲ್ಲಿ ಬಂಡಿಯ ಕೆಳಗೂ ಒಳಗೂ ಮಲಗೆದ್ದು ಹೋದವರ ನಾಡು ಇದು. ಕುರಿಗಾರರು ಕುದುರೆಯ ಬೆನ್ನಿಗೆ ಪಾತ್ರೆ, ಕಂಬಳಿ, ಹುಟ್ಟಿದ ಮರಿಗಳನ್ನು ಹೇರಿಕೊಂಡು ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ ತಿಂಗಳುಗಟ್ಟಲೆ ಊರ ಹೊರಗೇ ಬಾಳುತ್ತಾರೆ. ಹೊಸದಾಗಿರುವುದು ಎಂಜಿನ್ ಮಾತ್ರ. ಎಂಜಿನ್ ಬಂದದ್ದರಿಂದ ಕೊಳ್ಳುವವರ ಕಣ್ಣು ತಪ್ಪು ಜಾಗಕ್ಕೆ ಹೋಗುತ್ತದೆ ಎಂಬುದು ನನ್ನ ದೂರು. ಎಷ್ಟು ಎಚ್‌ಪಿ ಎಂದು ಮೊದಲು ಕೇಳುತ್ತಾರೆ. ಭಾರ ಎಷ್ಟು, ಅದು ಎಲ್ಲಿ ಕೂರುತ್ತದೆ, ಯಾವ ಮಣ್ಣಿನ ಮೇಲೆ ಇಳಿಯುತ್ತದೆ ಎಂದು ಕೇಳುವವರು ಕಡಿಮೆ.

ಎಚ್‌ಪಿ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ಮನೆ, ಮಂದಿ, ನೀರು ಎಲ್ಲ ಸೇರಿ 2,800 ಕಿಲೋ ತೂಗುವ ಗಾಡಿ, ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಏರಿಗೆ 280 ಕಿಲೋದಷ್ಟು ತಳ್ಳುಬಲ ಬೇಕು, ಮೆತ್ತನೆಯ ನೆಲದ ತಡೆಗೆ ಅಷ್ಟೇ ಇನ್ನೊಮ್ಮೆ. ಎರಡಕ್ಕೂ ಸೇರಿ ಬೇಕಾಗುವ ಶಕ್ತಿ ಇಪ್ಪತ್ತು ಎಚ್‌ಪಿಯ ಆಸುಪಾಸು. ಇವತ್ತಿನ ಯಾವ ಪಿಕಪ್ಪಿಗೂ ಇದು ದೊಡ್ಡದಲ್ಲ. 75 ಎಚ್‌ಪಿಯ ಬೊಲೆರೊ ಕ್ಯಾಂಪರ್ ಎಂಬ ಹೆಸರಿನ ಪಿಕಪ್ಪಿನಲ್ಲೂ ಧಾರಾಳವಾಗಿ ಉಳಿಯುತ್ತದೆ. ಬೇಕಾಗಿರುವುದು ಆ ಶಕ್ತಿಯನ್ನು ನಿಧಾನವಾಗಿ, ಕ್ಲಚ್ ಸುಡದ ಹಾಗೆ ಗಾಲಿಗೆ ತಲುಪಿಸುವ ತಗ್ಗಿನ ಗೇರು, ಅಂದರೆ ಫೋರ್ ವ್ಹೀಲ್ ಡ್ರೈವ್ ಗಾಡಿಗಳಲ್ಲಿ ಇರುವ ಲೋ ರೇಂಜ್. ಇನ್ನೂರು ಎಚ್‌ಪಿಯ ಗಾಡಿಯೂ ರಾಡಿಯಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೆ ಕಾರಣ ಎಂಜಿನ್ನಿನಲ್ಲಿಲ್ಲ, ಗಾಲಿಯ ಕೆಳಗಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಮೂಲ ನಾಲ್ಕು ತಾಲ್ಲೂಕುಗಳು. ಗಾಡಿಯನ್ನು ಪರೀಕ್ಷೆಗೆ ಒಡ್ಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ, ಏಕೆಂದರೆ ಒಂದೇ ದಿನದ ಓಡಾಟದಲ್ಲಿ ಮೂರು ಬೇರೆ ಬೇರೆ ನೆಲ ಸಿಗುತ್ತವೆ. ಗಂಗಾವತಿ, ಆನೆಗೊಂದಿಯ ಸುತ್ತ ಗ್ರಾನೈಟ್ ಗುಂಡುಗಳ ಬೆಟ್ಟ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಕುಷ್ಟಗಿಯ ಬಹುಭಾಗದಲ್ಲಿ ಅಂಥದೇ ಕಲ್ಲು ಸವೆದು ಉದುರಿ ಆದ ಕೆಂಪು ಮಸಾರಿ. ಯಲಬುರ್ಗಾ, ಕುಕನೂರು, ಇಟಗಿಯ ಕಡೆಗೆ ಹೋದರೆ ಕಣ್ಣಿಗೆ ಕಾಣುವಷ್ಟು ದೂರ ಕಪ್ಪು ಮಣ್ಣಿನ ಎರಿ ಹೊಲ.

ಫ್ರಾನ್ಸಿನ ಚಾರ್ಲ್ಸ್ ಕುಲೊಂಬ್ ಎಂಬ ಸೇನಾ ಎಂಜಿನಿಯರು 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ಒಂದು ವಿಚಾರ ಈ ಮೂರೂ ನೆಲಗಳಿಗೆ ಹೊಂದುತ್ತದೆ. ಮಣ್ಣು ಜಾರದೆ ನಿಲ್ಲುವುದಕ್ಕೆ ಎರಡು ಬಲಗಳು ಕಾರಣ. ಒಂದು, ಕಣ ಕಣಗಳ ನಡುವಿನ ತಿಕ್ಕಾಟ. ಮೇಲಿನಿಂದ ಭಾರ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಇನ್ನೊಂದು, ಕಣಗಳ ಅಂಟು. ಇದಕ್ಕೆ ಭಾರದ ಹಂಗಿಲ್ಲ, ಎಷ್ಟು ಅಗಲದ ಮಣ್ಣು ಹಿಡಿತಕ್ಕೆ ಸಿಕ್ಕಿತು ಎಂಬುದಷ್ಟೇ ಮುಖ್ಯ. ಮರಳು ಹೆಚ್ಚಿರುವ ಮಸಾರಿ ತಿಕ್ಕಾಟದ ಮಣ್ಣು. ಅಲ್ಲಿ ಗಾಡಿಯ ಭಾರವೇ ಒಂದಷ್ಟು ಹಿಡಿತ ಕೊಡುತ್ತದೆ. ಮಳೆ ಕುಡಿದ ಎರಿ ಅಂಟಿನ ಮಣ್ಣು. ಅಲ್ಲಿ ಭಾರ ಹೇರಿದರೆ ಹಿಡಿತ ಹೆಚ್ಚುವುದಿಲ್ಲ, ಹೂತುಹೋಗುವುದು ಮಾತ್ರ ಹೆಚ್ಚುತ್ತದೆ. ಮಸಾರಿಯಲ್ಲಿ ಗೆದ್ದ ಗಾಡಿ ಎರಿಯಲ್ಲಿ ಸೋಲುವುದು ಇದರಿಂದಲೇ.

ಎರಿ ಏಕೆ ಹೀಗೆ? ಅದರಲ್ಲಿರುವ ಜೇಡಿಯ ಖನಿಜ ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಸಿಗದಷ್ಟು ತೆಳ್ಳಗಿನ ಹಾಳೆಗಳಿಂದ ಆಗಿದೆ. ಒಂದೊಂದರ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಕಟಕ ರೊಟ್ಟಿಗಳನ್ನು ಅಡಕಿಟ್ಟ ಹಾಗೆ ಹಾಳೆಯ ಮೇಲೆ ಹಾಳೆ. ಹಾಳೆಗಳ ನಡುವಿನ ಬಂಧ ದುರ್ಬಲವಾದ್ದರಿಂದ ನೀರು ಒಳಹೊಕ್ಕು ಅವುಗಳನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋದಾಗ ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಏಪ್ರಿಲ್‌ನಲ್ಲಿ ಅದೇ ಹೊಲದ ಮೇಲೆ ಲಾರಿ ಓಡಿಸಬಹುದು. ಜಿಲ್ಲೆಯ ವರ್ಷದ ಮಳೆ 600 ಮಿ.ಮೀ. ಆಸುಪಾಸು ಮಾತ್ರ, ಆದರೆ ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿಯುತ್ತದೆ. ತಿರುಗಾಟಕ್ಕೆ ಹಸಿರು ಚೆನ್ನಾಗಿರುವ ತಿಂಗಳುಗಳೂ ಅವೇ.

ಲೆಕ್ಕ ಹಾಕಿ ನೋಡೋಣ. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚು ಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಐವತ್ತು ಎಂದು ಹೇಳಿ ತುಂಬಿಸುವ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಮೂರೂವರೆ ಕಿಲೋ. ನಡೆಯುವ ಮನುಷ್ಯನ ಪಾದ ಒತ್ತುವುದು ಸುಮಾರು ಅರ್ಧ ಕಿಲೋ. 2,800 ಕಿಲೋದ ಗಾಡಿಯನ್ನು ನಾಲ್ಕು ಗಾಲಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 700 ಕಿಲೋ. ನೆಲಕ್ಕೆ ತಾಗುವ ಜಾಗ 200 ಚದರ ಸೆಂಟಿಮೀಟರ್, ಬೆರಳುಗಳೂ ಸೇರಿದ ಒಂದು ಅಂಗೈಗಿಂತ ಸ್ವಲ್ಪ ಹೆಚ್ಚು. ಹಸಿ ಎರಿಯ ಅಂಟನ್ನು ಚದರ ಸೆಂಟಿಮೀಟರಿಗೆ 150 ಗ್ರಾಂ ಎಂದು ಇಟ್ಟುಕೊಂಡರೆ, ನಾಲ್ಕೂ ಗಾಲಿ ಎಳೆದರೂ ಸಿಗುವ ತಳ್ಳುಬಲ 120 ಕಿಲೋ. ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿಗೆ 60. ರಾಡಿಯ ತಡೆಯೋ ಗಾಡಿಯ ತೂಕದ ಹತ್ತನೇ ಒಂದು ಭಾಗ ಎಂದು ಕಡಿಮೆ ಹಿಡಿದರೂ 280 ಕಿಲೋ. ಗಾಳಿಯನ್ನು ಮೂವತ್ತಕ್ಕೆ ಇಳಿಸಿದರೆ ತಾಗುವ ಜಾಗ ಮೂರನೇ ಎರಡರಷ್ಟು ಹೆಚ್ಚಿ, ತಳ್ಳುಬಲ 200 ಕಿಲೋಗೆ ಏರುತ್ತದೆ. ಆಗಲೂ ಸಾಲದು.

ಹಾಗಾಗಿ ನನ್ನ ಮಾತು ಖಡಾಖಂಡಿತ: ಮಳೆ ಬಿದ್ದ ಎರಿಗೆ ಇಳಿಯಬಲ್ಲ ಕ್ಯಾಂಪರ್ ಗಾಡಿ ಅಂಗಡಿಯಲ್ಲಿ ಇಲ್ಲ. ಫೋರ್ ವ್ಹೀಲ್ ಡ್ರೈವ್ ಅದನ್ನು ಸಾಧ್ಯ ಮಾಡುವುದಿಲ್ಲ. ಇನ್ನಷ್ಟು ಒಳಗೆ ಹೋಗಿ ಹೂತುಕೊಳ್ಳಲು ಅವಕಾಶ ಕೊಡುತ್ತದೆ ಅಷ್ಟೇ. ಗೋಂದಿನಂತೆ ಮೆತ್ತಿಕೊಳ್ಳುವ ಮಣ್ಣು ಟೈರಿನ ಕಚ್ಚುಗಳನ್ನು ಎರಡು ಸುತ್ತಿನಲ್ಲಿ ತುಂಬಿ ನುಣ್ಣಗೆ ಮಾಡುತ್ತದೆ. ಯಲಬುರ್ಗಾದ ರೈತರು ಮಳೆಯಾದ ಮೇಲೆ ನೆಲ ಹದಕ್ಕೆ ಬರುವತನಕ ಬಂಡಿಯನ್ನೂ ಇಳಿಸುವುದಿಲ್ಲ. "ಎರಿಯಾಗ ಗಾಡಿ ಇಳಿಸಬ್ಯಾಡ್ರಿ" ಎಂದು ಯಾರಾದರೂ ದಾರಿಬದಿಯಲ್ಲಿ ಹೇಳಿದರೆ, ಟೈರ್ ಕಂಪನಿಯ ಜಾಹೀರಾತಿಗಿಂತ ಆ ಮಾತನ್ನು ನಂಬಿ.

ಗಾಲಿ ಮತ್ತು ಮಣ್ಣಿನ ಈ ಸಂಬಂಧವನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರು ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಂ. ಜಿ. ಬೆಕ್ಕರ್. 1956ರಲ್ಲಿ ಅವರ ದೊಡ್ಡ ಗ್ರಂಥ ಹೊರಬಂತು. ಮುಂದೆ 1971ರಲ್ಲಿ ಅಪೋಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಗಾಡಿಯ ಹಿಂದೆಯೂ ಅವರ ಕೆಲಸವಿತ್ತು. ಆ ಗಾಲಿಗಳಲ್ಲಿ ಗಾಳಿ ಇರಲಿಲ್ಲ, ತಂತಿಯಿಂದ ಹೆಣೆದ ಬಲೆಯಿತ್ತು. ಪುಡಿಮಣ್ಣಿನ ಮೇಲೆ ಒತ್ತಿದಾಗ ಅದು ಚಪ್ಪಟೆಯಾಗಿ ತಾಗುವ ಜಾಗವನ್ನು ಹೆಚ್ಚಿಸುತ್ತಿತ್ತು. ಮಸಾರಿಯ ಸಡಿಲ ದಾರಿಯಲ್ಲಿ ಗಾಳಿ ಇಳಿಸುವವರು ಮಾಡುವುದೂ ಅದನ್ನೇ. ಗಾಳಿ ಇಳಿಸಿದಾಗ ವೇಗವನ್ನೂ ಇಳಿಸಬೇಕು, ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಬೇಕು. ಇಲ್ಲವಾದರೆ ಟೈರಿನ ಬದಿ ಮಡಿಸಿ ಮಡಿಸಿ ಕಾದು ಹರಿಯುತ್ತದೆ. ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ಆದ್ದರಿಂದ ಶೋಕಿಯ ವಸ್ತುವಲ್ಲ.

ಈಗ ಗಾಡಿಗೆ ಬರೋಣ. ಆರ್‌ಸಿಯಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ತೂಕ, ಹೇರು ಸೇರಿದ ಗರಿಷ್ಠ ತೂಕ. ಒಂದನ್ನು ಇನ್ನೊಂದರಿಂದ ಕಳೆದರೆ ಉಳಿಯುವುದೇ ನಿಮ್ಮ ಮನೆಗಿರುವ ಜಾಗ. ಶೋರೂಮಿನಲ್ಲಿ ನೋಡಬೇಕಾದ ಮೊದಲ ಅಂಕಿ ಇದು. 2005ರಲ್ಲಿ ಬಂದು ಛೋಟಾ ಹಾಥಿ ಎಂದು ಮನೆಮಾತಾದ ಟಾಟಾ ಏಸ್ ಮುಕ್ಕಾಲು ಟನ್ನಿನ ಗಾಡಿ. ಬೊಲೆರೊ ಕ್ಯಾಂಪರ್ ಒಂದು ಟನ್ನಿನದು. 2022ರಲ್ಲಿ ಬಂದ ಟಾಟಾ ಯೋಧಾ 2.0 ಎರಡು ಟನ್ ಹೊರುತ್ತದೆ. ಅದೇ ವರ್ಷ ನಮ್ಮ ದೇಶಕ್ಕೆ ಬಂದ ಟೊಯೊಟಾ ಹೈಲಕ್ಸ್ ಇವೆಲ್ಲಕ್ಕಿಂತ ಬಹಳ ದುಬಾರಿ, 500 ನ್ಯೂಟನ್ ಮೀಟರಿನವರೆಗೆ ಟಾರ್ಕ್ ಕೊಡುವ ಎಂಜಿನ್ ಅದರದು, ಲೋ ರೇಂಜ್ ಇದೆ. ಆದರೆ ಇಲ್ಲಿ ಅದರ ಹೇರು ಅರ್ಧ ಟನ್ನಿಗೂ ಕಡಿಮೆ. ಬೆಲೆ ಹೆಚ್ಚಾದಷ್ಟೂ ಹೆಚ್ಚು ಹೊರುತ್ತದೆ ಎಂದು ನಂಬಿ ಹೋಗುವವರು ಇಲ್ಲಿ ಎಡವುತ್ತಾರೆ. ಕುಟುಂಬದ ಸವಾರಿಗೆಂದು ಮೆತ್ತಗೆ ಮಾಡಿದ ಗಾಡಿಗೂ ಈರುಳ್ಳಿ, ದಾಳಿಂಬೆ ಹೇರಲೆಂದು ಮಾಡಿದ ಗಾಡಿಗೂ ಹುಟ್ಟಿನಿಂದಲೇ ವ್ಯತ್ಯಾಸ.

ಆ ಹೇರಿನೊಳಗೇ ಎಲ್ಲವೂ ಬರಬೇಕು. ಕುಳಿತ ನಾಲ್ವರು 260 ಕಿಲೋ. ನೀರು ಲೀಟರಿಗೆ ಒಂದು ಕಿಲೋ, ರಿಯಾಯಿತಿ ಇಲ್ಲ. ನಮ್ಮ ಭಾಗದಲ್ಲಿ ನೀರನ್ನು ಕಡಿಮೆ ಮಾಡುವುದೂ ಕಷ್ಟ: ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಕುಡಿಯುವ ನೀರನ್ನು ಜೊತೆಗೇ ಒಯ್ಯಬೇಕು. ನಲವತ್ತು ಡಿಗ್ರಿಯ ಬಿಸಿಲಿಗೆ ತಗಡಿನ ಪೆಟ್ಟಿಗೆ ಕಾಯದಿರಲು ಒಳಗೊಂದು ಪದರ ಬೇಕು, ಅದಕ್ಕೂ ತೂಕವಿದೆ. ಕೊಲ್ಲಾರಿ ಬಂಡಿಯ ಕಮಾನು ಕಟ್ಟಿದವರು ಈ ವಿಷಯದಲ್ಲಿ ನಮಗಿಂತ ಜಾಣರು. ಬಿದಿರು, ಚಾಪೆ, ಬಟ್ಟೆ. ಮೇಲೆ ಹೋದಷ್ಟೂ ಹಗುರ.

ಆ ಜಾಣತನದ ಬೆಲೆ ಕಾಲುವೆ ಏರಿಯ ಮೇಲೆ ತಿಳಿಯುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಗದ್ದೆಗಳ ನಡುವಿನ ಉಪಕಾಲುವೆಗಳ ದಾರಿಗಳೋ ಇಕ್ಕಟ್ಟು, ಒಂದು ಬದಿ ನೀರಿಗೆ, ಇನ್ನೊಂದು ಬದಿ ಗದ್ದೆಗೆ ಓರೆ. 1,800 ಕಿಲೋದ ಖಾಲಿ ಪಿಕಪ್ಪಿನ ಭಾರಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಎನ್ನಿ, ಎಡಬಲ ಗಾಲಿಗಳ ನಡುವೆ 1.44 ಮೀಟರ್. ಕಾಗದದ ಮೇಲೆ ಅದು 48 ಡಿಗ್ರಿ ಓರೆಯಾಗುವವರೆಗೆ ಉರುಳುವುದಿಲ್ಲ. 1.6 ಮೀಟರ್ ಎತ್ತರದಲ್ಲಿ ಭಾರಕೇಂದ್ರವಿರುವ 600 ಕಿಲೋದ ಮನೆಯನ್ನು ಮೇಲಿಡಿ: ಒಟ್ಟು ಭಾರಕೇಂದ್ರ 89 ಸೆಂ.ಮೀ.ಗೆ ಏರಿ, ಉರುಳುವ ಕೋನ 39ಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ಒಂದು ಬದಿಗೆ ಕುಸಿಯುವುದು, ಟೈರು ಮಡಿಯುವುದು, ಗುಂಡಿಗೆ ಬಿದ್ದೇಳುವ ತೂಗಾಟ ಇವೆಲ್ಲ ಇನ್ನಷ್ಟನ್ನು ತಿನ್ನುತ್ತವೆ. ನಿಂತಾಗ ಎತ್ತಿ, ಹೊರಡುವಾಗ ಮಡಿಸುವ ಬಟ್ಟೆಯ ಚಾವಣಿ, ನೆಲಕ್ಕಂಟಿದ ನೀರಿನ ಟಾಕಿ, ಕೆಳಗಿಟ್ಟ ಬ್ಯಾಟರಿ: ಇವುಗಳಿಂದ ಆಗುವ ಲಾಭವನ್ನು ಯಾವ ದುಬಾರಿ ಶಾಕ್ ಅಬ್ಸಾರ್ಬರೂ ಕೊಡದು.

ಭಾರ ಎಷ್ಟು ಎತ್ತರದಲ್ಲಿದೆ ಎಂಬುದಾಯಿತು. ಉದ್ದಕ್ಕೆ ಎಲ್ಲಿದೆ? ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಮೂರು ಮೀಟರ್ ಇರುವ ಪಿಕಪ್ ತೆಗೆದುಕೊಳ್ಳಿ. 600 ಕಿಲೋದ ಮನೆಯ ಭಾರಕೇಂದ್ರ ಹಿಂದಿನ ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದರೆ, ಹಿಂದಿನ ಅಚ್ಚಿಗೆ 540, ಮುಂದಿನದಕ್ಕೆ 60 ಕಿಲೋ. ಅದೇ ಭಾರಕೇಂದ್ರ ಹಿಂದಿನ ಅಚ್ಚಿಗಿಂತ 60 ಸೆಂ.ಮೀ. ಹಿಂದಿದ್ದರೆ ಆ ಅಚ್ಚಿನ ಮೇಲೆ 720 ಕಿಲೋ ಬೀಳುತ್ತದೆ. ಮನೆ ತೂಗುವುದಕ್ಕಿಂತ ಹೆಚ್ಚು! ಹೆಚ್ಚಿನ 120 ಕಿಲೋವನ್ನು ಅದು ಮುಂದಿನ ಗಾಲಿಗಳಿಂದ ಕಿತ್ತುಕೊಂಡಿದೆ. ಸ್ಟಿಯರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ತಗ್ಗುತ್ತದೆ, ಪ್ರತಿ ಗುಂಡಿಯಲ್ಲೂ ಚಾಸಿ ಕ್ಯಾಬಿನ್ನಿನ ಹಿಂದೆ ಬಾಗುತ್ತದೆ. ಇಂಥ ಗಾಡಿಗಳ ಚಾಸಿ ಮುರಿಯುವುದೂ ಸಾಮಾನ್ಯವಾಗಿ ಅಲ್ಲೇ.

ಡಬಲ್ ಕ್ಯಾಬ್ ಎಂಬ ನಾಲ್ಕು ಬಾಗಿಲಿನ ಪಿಕಪ್ಪಿನ ಸಂಕಟ ಇದೇ. ಹಿಂದಿನ ಸೀಟು ಜಾಗ ತಿನ್ನುವುದರಿಂದ ಬಾಡಿ ಗಿಡ್ಡವಾಗಿ ಹಿಂದಕ್ಕೆ ಸರಿಯುತ್ತದೆ, ಮನೆ ಅಚ್ಚಿನ ಆಚೆಗೆ ಜೋಲುತ್ತದೆ. ಹಾಗೆ ಜೋತ ಭಾಗ ಹಳ್ಳದಿಂದ ಮೇಲೇರುವಾಗ ನೆಲಕ್ಕೆ ಬಡಿಯುತ್ತದೆ ಕೂಡ. ಭಾರದ ಲೆಕ್ಕಕ್ಕೆ ಸಿಂಗಲ್ ಕ್ಯಾಬ್ ಉತ್ತಮ. ಆದರೆ ಅದರಲ್ಲಿ ಕೂರುವವರು ಇಬ್ಬರೋ ಮೂವರೋ. ಓಡುವ ಗಾಡಿಯ ಹಿಂದಿನ ಮನೆಯಲ್ಲಿ ಮಕ್ಕಳನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಇಬ್ಬರೇ ತಿರುಗುವವರಾದರೆ ಸಿಂಗಲ್ ಕ್ಯಾಬ್ ಕೊಂಡು ಸ್ವಲ್ಪ ದೊಡ್ಡ ಮನೆ ಕಟ್ಟಿಕೊಳ್ಳಿ. ನಾಲ್ವರಾದರೆ ಫೋರ್ ವ್ಹೀಲ್ ಡ್ರೈವ್ ಇರುವ ಡಬಲ್ ಕ್ಯಾಬ್ ಕೊಂಡು, 300 ಕಿಲೋ ಮೀರದ ಹಗುರ ಪೆಟ್ಟಿಗೆ ಇಡಿ, ಉಳಿದವರಿಗೆ ನೆಲದ ಮೇಲೊಂದು ಡೇರೆ ಹಾಕಿ. ಎರಡರ ನಡುವಿನ ಆಸೆಯಲ್ಲಿ ಡಬಲ್ ಕ್ಯಾಬ್ ಮೇಲೆ ದೊಡ್ಡ ಮನೆ ಹೇರುವುದನ್ನು ನಾನು ಯಾರಿಗೂ ಹೇಳಲಾರೆ.

ಇಲ್ಲಿ ಗ್ಯಾರೇಜಿನಿಂದ ಒಂದು ಸಲಹೆ ಬಂದೇ ಬರುತ್ತದೆ: ಎರಡು ಪಾಟಾ ಹೆಚ್ಚಿಗೆ ಹಾಕಿದರೆ ಆಯ್ತು. ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಹೆಚ್ಚಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ನಿಜ. ಆದರೆ ಅಚ್ಚು, ಬೇರಿಂಗ್, ಬ್ರೇಕ್, ಚಾಸಿ, ಟೈರು ಮೊದಲಿನವೇ. ಟೈರಿನ ಬದಿಯಲ್ಲಿ ಅಳತೆಯ ಪಕ್ಕ ಅಚ್ಚಾದ ಸಂಖ್ಯೆಯನ್ನು ಓದಿ. 100 ಎಂದಿದ್ದರೆ ಆ ಟೈರು ಹೊರುವುದು 800 ಕಿಲೋ, 108 ಎಂದಿದ್ದರೆ 1,000.

ಮನೆಯನ್ನು ಚಾಸಿಗೆ ಕೂರಿಸುವ ಬಗೆಗೂ ಒಂದು ಮಾತು. ಓರೆಯಾಗಿ ಹಳ್ಳ ದಾಟುವಾಗ ಮುಂದಿನ ಎಡಗಾಲಿ ಮೇಲೆ, ಹಿಂದಿನ ಬಲಗಾಲಿ ಮೇಲೆ. ಚಾಸಿ ತಿರುಚುತ್ತದೆ, ತಿರುಚಲೆಂದೇ ಅದನ್ನು ಏಣಿಯಂತೆ ಕಟ್ಟಿದ್ದಾರೆ. ಪೆಟ್ಟಿಗೆಯೋ ತಿರುಚುವುದಿಲ್ಲ. ನಾಲ್ಕು ಮೂಲೆಗೂ ಬೋಲ್ಟ್ ಬಿಗಿದರೆ ಬಾಗಿಲು, ಕಿಟಕಿಗಳ ಮೂಲೆಯಿಂದ ಬಿರುಕು ಶುರುವಾಗುತ್ತದೆ. ಮೂರು ಕಾಲಿನ ಮಣೆ ಯಾವ ನೆಲದ ಮೇಲೂ ಅಲುಗದು ಎಂಬ ರೇಖಾಗಣಿತ ಇಲ್ಲಿ ಕೆಲಸಕ್ಕೆ ಬರುತ್ತದೆ: ಎರಡು ಕಡೆ ಬಿಗಿ, ಮೂರನೆಯ ಕಡೆ ತಿರುಗುವ ಕೀಲು. ಅದೇ ಹಳ್ಳದಲ್ಲಿ ಒಂದು ಗಾಲಿ ಗಾಳಿಯಲ್ಲಿ ತೇಲಿದರೆ ಸಾಮಾನ್ಯ ಡಿಫರೆನ್ಷಿಯಲ್ ಆ ಅಚ್ಚಿನ ಎರಡೂ ಗಾಲಿಗೆ ಸಮ ಬಲ ಕೊಡುತ್ತದೆ. ತೇಲುವ ಗಾಲಿಗೆ ಬೇಕಾದ ಬಲ ಸೊನ್ನೆ, ಆದ್ದರಿಂದ ನೆಲದ ಮೇಲಿರುವುದಕ್ಕೂ ಸೊನ್ನೆ. ಡಿಫರೆನ್ಷಿಯಲ್ ಲಾಕ್ ಈ ಸಮಪಾಲನ್ನು ಮುರಿಯುತ್ತದೆ. ಆನೆಗೊಂದಿ ಕಡೆಯ ಕಲ್ಲುದಾರಿಗೆ ಎಚ್‌ಪಿಗಿಂತ ಇದು ಬೇಕು.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ರೂಪ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಒತ್ತಿ ಹೇಳಿತು. ಚಾಸಿಗೆ ವೆಲ್ಡಿಂಗ್ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಬಿಚ್ಚಿ ಕೆಳಗಿಳಿಸಬಹುದಾದ ಪೆಟ್ಟಿಗೆಯ ಕಡೆಗೆ ನನ್ನ ಒಲವಿರುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಕಟ್ಟಿ ಮುಗಿದ ಮೇಲೆ ಗಂಗಾವತಿಯ ಯಾವುದಾದರೂ ಲಾರಿ ಕಾಟಾಕ್ಕೆ ಹೋಗಿ. ಟಾಕಿ ತುಂಬ ನೀರು, ಡೀಸೆಲ್, ಸಿಲಿಂಡರ್, ಹಾಸಿಗೆ, ಮನೆಮಂದಿ ಎಲ್ಲ ಇರಲಿ. ಮೊದಲು ಮುಂದಿನ ಗಾಲಿಗಳನ್ನಷ್ಟೇ ತಟ್ಟೆಯ ಮೇಲೆ ಹತ್ತಿಸಿ ಚೀಟಿ ತೆಗೆಸಿ, ಆಮೇಲೆ ಇಡೀ ಗಾಡಿಯದು. ಎರಡರ ವ್ಯತ್ಯಾಸ ಹಿಂದಿನ ಅಚ್ಚಿನ ಭಾರ. ಅದು ಕಂಪನಿ ಹೇಳಿದ ಮಿತಿಯನ್ನು ಮೀರಿದ್ದರೆ ಟಾಕಿಯನ್ನು ಕ್ಯಾಬಿನ್ನಿನ ಬೆನ್ನಿಗೆ ಸರಿಸಿ ಮತ್ತೆ ತೂಗಿಸಿ. ಆಗಲೂ ಮೀರಿದರೆ ಒಂದೊಂದೇ ಸಾಮಾನು ಇಳಿಸುತ್ತ ಬನ್ನಿ. ಮೊದಲು ಇಳಿಯಬೇಕಾದದ್ದು ಚಾವಣಿಯ ಮೇಲೆ ಕಟ್ಟಿದ ಕ್ಯಾರಿಯರ್.